ನಾಡಿ ಸಿಗದ ರೋಗಿಗೆ ಅರಿವಳಿಕೆ

ಹೆಬ್ಬೆರಳಿನ ಬುಡಕ್ಕೆ ಸಮನಾಗಿ, ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನು ಹಗುರವಾಗಿ ಊರಿದರೆ ಒಳಗಿನಿಂದ ಯಾರೋ ಮೆಲ್ಲನೆ ತಟ್ಟಿದಂತಾಗುತ್ತದೆ. ಇದೇ ನಾಡಿ. ಹೃದಯವು ಸಂಕುಚಿಸಿದಾಗಲೆಲ್ಲ ಮಹಾಧಮನಿಗೆ ನೂಕಲ್ಪಟ್ಟ ರಕ್ತವು ಎಬ್ಬಿಸಿದ ಅಲೆಯು ಧಮನಿಗಳ ಗೋಡೆಯ ಗುಂಟ ಓಡಿಬಂದು ನಮ್ಮ ಬೆರಳ ತುದಿಗೆ ತಾಕುತ್ತದೆ. ನಮ್ಮ ನಾಡಿನ ವೈದ್ಯರು ತಲೆತಲಾಂತರದಿಂದ ರೋಗಿಯ ಕೈ ಹಿಡಿದ ಮೇಲೆಯೇ ಮಾತಿಗೆ ತೊಡಗಿದವರು. "ನಾಡಿ ನಿಂತಿತು" ಎಂದರೆ ಇನ್ನು ಹೇಳುವುದೇನೂ ಉಳಿಯಲಿಲ್ಲವೆಂದೇ ಜನರ ಭಾವನೆ.

ಆದರೆ ಎರಡು ಕೈಗಳಲ್ಲಿಯೂ ನಾಡಿಯಿಲ್ಲದೆ, ಓಡಾಡಿಕೊಂಡು, ಅಡಿಗೆ ಮಾಡಿಕೊಂಡು, ಕಾಲೇಜಿಗೆ ಹೋಗಿಕೊಂಡು ಬದುಕಿರುವವರೂ ಇದ್ದಾರೆ. ಅಂಥವರಲ್ಲಿ ಒಬ್ಬ ತರುಣಿಯನ್ನು ಊಹಿಸಿಕೊಳ್ಳೋಣ. ವಯಸ್ಸು ಇಪ್ಪತ್ತಾರು. ತುಂಬು ಗರ್ಭಿಣಿ. ಮಗು ಹೊಟ್ಟೆಯಲ್ಲಿ ಅಡ್ಡಲಾಗಿ ಮಲಗಿರುವುದರಿಂದ ಶಸ್ತ್ರಕ್ರಿಯೆಯಿಂದಲೇ ಹೆರಿಗೆಯಾಗಬೇಕು. ಶಸ್ತ್ರವೈದ್ಯರಿಗೆ ಇದು ದಿನನಿತ್ಯದ ಕೆಲಸ. ಆದರೆ ಆಕೆಗೆ ಅರಿವಳಿಕೆ ಕೊಡಬೇಕಾದ ವೈದ್ಯರು ಬಲಗೈ ಹಿಡಿದರು, ನಾಡಿ ಇಲ್ಲ. ಎಡಗೈ ಹಿಡಿದರು, ಅಲ್ಲಿಯೂ ಇಲ್ಲ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ನೋಡಿದರೆ ಪಾದರಸದ ಲೆಕ್ಕದಲ್ಲಿ 70 ಮಿಲಿಮೀಟರು. ತೊಡೆಗೆ ಸುತ್ತಿ ನೋಡಿದರೆ 170! ಒಂದೇ ದೇಹ, ಒಂದೇ ಹೃದಯ, ಎರಡು ಸಂಖ್ಯೆಗಳು. ಯಾವುದನ್ನು ನಂಬಬೇಕು? ಈ ಒಂದು ಪ್ರಶ್ನೆಯ ಮೇಲೆ ಎರಡು ಜೀವಗಳು ನಿಂತಿವೆ.

ಈ ರೋಗಕ್ಕೆ ತಕಯಾಸು ಧಮನಿಯುರಿ ಎಂದು ಹೆಸರು. ಹೆಸರು ಬಂದುದು ಜಪಾನಿನ ನೇತ್ರವೈದ್ಯ ಮಿಕಿಟೊ ತಕಯಾಸು ಅವರಿಂದ. 1908ರಲ್ಲಿ ಫುಕುಒಕದಲ್ಲಿ ಸೇರಿದ್ದ ನೇತ್ರವೈದ್ಯರ ಸಭೆಯಲ್ಲಿ ಅವರು ಇಪ್ಪತ್ತೊಂದು ವಯಸ್ಸಿನ ಒಬ್ಬ ಯುವತಿಯ ಕಣ್ಣಿನ ವಿಚಾರವನ್ನು ಮುಂದಿಟ್ಟರು. ಆಕೆಯ ಅಕ್ಷಿಪಟದಲ್ಲಿ, ದೃಷ್ಟಿನರವು ಒಳಹೊಗುವ ಸ್ಥಳದ ಸುತ್ತ, ರಕ್ತನಾಳಗಳು ಒಂದರೊಡನೊಂದು ಹೆಣೆದುಕೊಂಡು ಹೂವಿನ ದಂಡೆಯಂತೆ ಕಾಣುತ್ತಿದ್ದುವು. ಸಭೆಯಲ್ಲಿದ್ದ ಓನಿಷಿ ಮತ್ತು ಕಾಗೊಷಿಮ ಎಂಬ ವೈದ್ಯರು ತಾವೂ ಇಂಥ ಕಣ್ಣುಗಳನ್ನು ಕಂಡಿರುವುದಾಗಿ ಹೇಳಿ, ಆ ರೋಗಿಗಳ ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲವೆಂಬ ಮಾತನ್ನು ಸೇರಿಸಿದರು. ಕಣ್ಣಿಗೂ ಮಣಿಕಟ್ಟಿಗೂ ಎತ್ತಣ ಸಂಬಂಧ! ಲಂಡನ್ನಿನ ಸೇವರಿ ಎಂಬ ಶಸ್ತ್ರವೈದ್ಯರು ಎರಡು ಕೈಗಳ ಮತ್ತು ಕೊರಳಿನ ಎಡಪಕ್ಕದ ಧಮನಿಗಳು ಮುಚ್ಚಿಹೋಗಿದ್ದ ತರುಣಿಯೊಬ್ಬಳ ವೃತ್ತಾಂತವನ್ನು 1856ರಷ್ಟು ಹಿಂದೆಯೇ ಪ್ರಕಟಿಸಿದ್ದುಂಟು. ಆದರೆ ಎಳೆಗಳನ್ನು ಯಾರೂ ಕೂಡಿಸಿರಲಿಲ್ಲ. "ನಾಡಿಯಿಲ್ಲದ ರೋಗ" ಎಂಬ ಹೆಸರನ್ನು ಜಪಾನಿನ ಷಿಮಿಜು ಮತ್ತು ಸಾನೊ ಅವರು 1948ರಲ್ಲಿ ಬಳಕೆಗೆ ತಂದರು. ಹೆಸರು ಹಿಡಿಸಿತು, ಇಂದಿಗೂ ಅದು ವೈದ್ಯಗ್ರಂಥಗಳಲ್ಲಿ ಉಳಿದಿದೆ.

ರೋಗದ ಬೇರು ಧಮನಿಯ ಗೋಡೆಯಲ್ಲಿದೆ. ಮಹಾಧಮನಿ ಮತ್ತು ಅದರಿಂದ ಕವಲೊಡೆಯುವ ದೊಡ್ಡ ಧಮನಿಗಳ ಗೋಡೆಗೆ ಉರಿಯೂತವುಂಟಾಗುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾಕಣಗಳೇ ಅಲ್ಲಿ ಗುಂಪುಗೂಡಿ ಗೋಡೆಯನ್ನು ಕೆಡಿಸುತ್ತವೆ. ಏಕೆ ಹೀಗೆ ಎಂಬುದು ಇನ್ನೂ ಪೂರ್ತಿಯಾಗಿ ಬಿಡಿಸದ ಒಗಟು. ಆನುವಂಶಿಕ ಗುಣವೊಂದು ಈ ರೋಗಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆಯೆಂಬುದು ಮಾತ್ರ ತಿಳಿದಿದೆ. ಊದಿದ ಗೋಡೆ ಕ್ರಮೇಣ ಗಡುಸಾಗಿ, ಒಳಮಾರ್ಗ ಇಕ್ಕಟ್ಟಾಗುತ್ತದೆ. ಕೆಲವೆಡೆ ಮುಚ್ಚಿಯೇ ಹೋಗುತ್ತದೆ. ಇನ್ನು ಕೆಲವೆಡೆ ಗೋಡೆ ಸಡಿಲವಾಗಿ ಬಲೂನಿನಂತೆ ಉಬ್ಬುವುದೂ ಉಂಟು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಬರುವ ವಿರಳ ರೋಗವಿದು. ಬಹುಪಾಲು ರೋಗಿಗಳು ಹೆಂಗಸರು, ಅದರಲ್ಲಿಯೂ ಹರೆಯದವರು. ಆದ್ದರಿಂದಲೇ ಹೆರಿಗೆಯ ಕೊಠಡಿಯಲ್ಲಿ ಇದರ ಭೇಟಿ ಆಗಾಗ ಆಗುವುದು.

ಏಷ್ಯದಲ್ಲಿ ಇದು ಹೆಚ್ಚು. ಆದರೆ ಜಪಾನಿನ ರೋಗಿಯೂ ಭಾರತದ ರೋಗಿಯೂ ಒಂದೇ ತೆರನಲ್ಲ. ಜಪಾನಿನಲ್ಲಿ ಮಹಾಧಮನಿಯ ಕಮಾನು ಮತ್ತು ಅಲ್ಲಿಂದ ಕೊರಳಿಗೂ ತೋಳಿಗೂ ಹೋಗುವ ಕವಲುಗಳು ಹೆಚ್ಚಾಗಿ ಕೆಡುತ್ತವೆ. ನಮ್ಮಲ್ಲಿ ಹೊಟ್ಟೆಯೊಳಗಿನ ಮಹಾಧಮನಿಯೂ ಮೂತ್ರಪಿಂಡದ ಧಮನಿಗಳೂ ಕೆಡುವುದು ಹೆಚ್ಚು. ಮುಂಬಯಿಯಲ್ಲಿ 1968ರಲ್ಲಿ ಭಾರತದ ಮೊದಲ ಹೃದಯ ಕಸಿಯನ್ನು ನಡೆಸಿದ ಪ್ರಫುಲ್ಲಕುಮಾರ ಸೇನ್ ಅವರು, ಅದಕ್ಕೆ ಐದು ವರ್ಷ ಮೊದಲೇ, ತಮ್ಮ ಸಂಗಡಿಗರೊಡನೆ ಮಹಾಧಮನಿಯ ನಡುಭಾಗ ಹೀಗೆ ಕಿರಿದಾಗುವುದರ ಬಗೆಗೆ ಬರೆದಿದ್ದರು. ಮೂತ್ರಪಿಂಡಕ್ಕೆ ರಕ್ತ ಸಾಲದೆ ಹೋದರೆ ಅದು ಇಡೀ ದೇಹದಲ್ಲಿ ಒತ್ತಡವೇ ಕಡಮೆಯಾಗಿದೆಯೆಂದು ಬಗೆದು, ಒತ್ತಡವನ್ನೇರಿಸುವ ರಸವನ್ನು ಸುರಿಸತೊಡಗುತ್ತದೆ. ನಮ್ಮ ತರುಣಿಯ ತೊಡೆಯಲ್ಲಿ 170 ಕಂಡದ್ದು ಇದರಿಂದಲೇ.

ಹಾಗಾದರೆ ತೋಳಿನ 70? ಇಲ್ಲಿ ಪ್ಯಾರಿಸ್ಸಿನ ವೈದ್ಯ ಪ್ವಾಸೇಯ್ ಅವರನ್ನು ನೆನೆಯಬೇಕು. ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು ಅವರು 1840ರ ಆಸುಪಾಸಿನಲ್ಲಿ ಅಳೆದು ನೋಡಿ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಯೆಂದು ತೋರಿಸಿದರು. ತ್ರಿಜ್ಯವು ಹತ್ತನೆಯ ಒಂದು ಪಾಲು ಕಿರಿದಾದರೆ ಹರಿವು ಮೂರನೆಯ ಒಂದು ಪಾಲಿನಷ್ಟು ತಗ್ಗುವುದು. ಅರ್ಧವಾದರೆ ಹದಿನಾರನೆಯ ಒಂದು ಪಾಲು ಮಾತ್ರ ಉಳಿಯುವುದು. ರಕ್ತವು ಬರಿಯ ನೀರಲ್ಲ, ಧಮನಿಯು ಗಾಜಿನ ಕೊಳವೆಯೂ ಅಲ್ಲ. ಆದರೂ ಲೆಕ್ಕದ ಒಲವು ಸರಿಯೇ. ತೋಳಿನ ಧಮನಿ ಮುಚ್ಚಿಕೊಂಡಾಗ ಅಕ್ಕಪಕ್ಕದ ಸಣ್ಣ ನಾಳಗಳು ವರ್ಷಗಳ ಅವಧಿಯಲ್ಲಿ ಹಿಗ್ಗಿ, ಸುತ್ತುಬಳಸಿನ ದಾರಿಯಿಂದ ರಕ್ತವನ್ನು ತಲಪಿಸುತ್ತವೆ. ಕೈ ಬದುಕುತ್ತದೆ. ಆದರೆ ಅಲೆಯು ಆ ದಾರಿಯಲ್ಲಿ ಅಳಿಸಿಹೋಗುತ್ತದೆ, ಒತ್ತಡವೂ ಬೀಳುತ್ತದೆ. 70 ಎಂಬುದು ತೋಳಿನ ಮಟ್ಟಿಗೆ ಸತ್ಯ, ಹೃದಯದ ಮಟ್ಟಿಗೆ ಸುಳ್ಳು.

ಈ ಸುಳ್ಳನ್ನು ನಂಬಿದ ಅರಿವಳಿಕೆ ತಜ್ಞರು ಒತ್ತಡ ಕುಸಿಯಿತೆಂದು ಹೆದರಿ ಅದನ್ನು ಏರಿಸುವ ಔಷಧಿಯನ್ನು ಕೊಟ್ಟರೆಂದು ಭಾವಿಸಿರಿ. ಆಗಲೇ 170ರಲ್ಲಿರುವ ಒತ್ತಡ ಇನ್ನಷ್ಟು ಮೇಲೇರಿ ಮೆದುಳಿನಲ್ಲಿ ರಕ್ತ ಸುರಿಯಬಹುದು, ಹೃದಯ ಸೋಲಬಹುದು, ಉಬ್ಬಿದ ಧಮನಿ ಒಡೆಯಬಹುದು. ಸರಿ, 170 ಎಂಬುದು ರೋಗದ ಲಕ್ಷಣ, ಎಲ್ಲರಂತೆ 120ಕ್ಕೆ ಇಳಿಸಿಬಿಡೋಣವೆಂದರೆ? ಅದೂ ಅಪಾಯ. ಏಕೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಹೃದಯ ಹೊರಸೂಸುವ ರಕ್ತದಲ್ಲಿ ನೂರಕ್ಕೆ ಹದಿನೈದರಷ್ಟನ್ನು ಅದು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು 700 ಮಿಲಿಲೀಟರು. ಆರೋಗ್ಯವಂತರಲ್ಲಿ ಒತ್ತಡ ಕೊಂಚ ಏರಿದರೂ ಇಳಿದರೂ ಈ ಪಾಲು ಬದಲಾಗದು. ಮೆದುಳಿನ ಸಣ್ಣ ಧಮನಿಗಳು ತಾವೇ ಹಿಗ್ಗಿ ಕುಗ್ಗಿ ಸರಿತೂಗಿಸುತ್ತವೆ. ಕಾಲುವೆಯ ಕೊನೆಯ ಗದ್ದೆಯ ರೈತನನ್ನು ನೆನೆಸಿಕೊಳ್ಳಿರಿ. ಕಾಲುವೆಯಲ್ಲಿ ನೀರು ತುಂಬಿದ್ದಾಗ ತನ್ನ ಮಡೆಯನ್ನು ಅರ್ಧ ಮುಚ್ಚುತ್ತಾನೆ, ಇಳಿದಾಗ ಪೂರ್ತಿ ತೆರೆಯುತ್ತಾನೆ. ಗದ್ದೆಗೆ ಬರುವ ನೀರು ಒಂದೇ ಸಮನಾಗಿರುತ್ತದೆ. ಆದರೆ ಮೇಲುಗಡೆ ಕಾಲುವೆಯೇ ಹೂಳು ತುಂಬಿ ಕಿರಿದಾಗಿದ್ದರೆ ಅವನು ಮಡೆಯನ್ನು ಮೊದಲೇ ಪೂರ್ತಿ ತೆರೆದಿಟ್ಟಿರುತ್ತಾನೆ. ಇನ್ನು ನೀರು ಒಂದು ಗೇಣು ಇಳಿದರೂ ಅವನು ಮಾಡುವುದೇನಿದೆ? ಕೊರಳಿನ ಶೀರ್ಷಧಮನಿಗಳು ಕಿರಿದಾದವರ ಮೆದುಳು ಇರುವುದು ಈ ಸ್ಥಿತಿಯಲ್ಲಿ. ಅದರ ಉಳಿತಾಯವೆಲ್ಲ ಖರ್ಚಾಗಿದೆ. ಎಲ್ಲರಿಗೂ ಸಹಜವಾದ 120 ಆಕೆಗೆ ಬರಗಾಲ.

ಅರಿವಳಿಕೆಯ ಔಷಧಿಗಳಾದರೋ ಬಹುಮಟ್ಟಿಗೆ ಎಲ್ಲವೂ ಒತ್ತಡವನ್ನು ಇಳಿಸುವಂಥವೇ. ರಕ್ತನಾಳಗಳು ಸಡಿಲವಾಗುತ್ತವೆ, ಹೃದಯದ ಬಡಿತದ ಬಲ ತಗ್ಗುತ್ತದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯರು ಈಥರಿನ ಪ್ರದರ್ಶನ ಮಾಡಿದ ಮೇಲೆ ಅರ್ಧ ಶತಮಾನದವರೆಗೂ ಒತ್ತಡವನ್ನು ಅಳೆಯುವ ಗೊಡವೆಗೇ ಯಾರೂ ಹೋಗಿರಲಿಲ್ಲವೆಂದರೆ ಆಶ್ಚರ್ಯವಾಗಬಹುದು. ಹಾರ್ವಿ ಕುಷಿಂಗ್ ಎಂಬಾತ ಅದೇ ಊರಿನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದಾಗ, ತಾನು ಈಥರ್ ಕೊಡುತ್ತಿದ್ದ ರೋಗಿಯೊಬ್ಬರು ಮೇಜಿನ ಮೇಲೆಯೇ ತೀರಿಕೊಂಡುದನ್ನು ಕಂಡು ಕಂಗೆಟ್ಟರು. ಸಹಪಾಠಿ ಕಾಡ್‌ಮನ್ನರೂ ಅವರೂ, ಯಾರು ಚೆನ್ನಾಗಿ ಈಥರ್ ಕೊಡುವರೆಂದು ಒಂದು ಊಟದ ಪಂದ್ಯ ಕಟ್ಟಿ, 1894ರ ಸುಮಾರಿಗೆ ರೋಗಿಯ ನಾಡಿಯನ್ನೂ ಉಸಿರನ್ನೂ ಹಾಳೆಯ ಮೇಲೆ ಗುರುತುಮಾಡತೊಡಗಿದರು. ಇಂದು ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿ ತುಂಬುವ ಅರಿವಳಿಕೆಯ ದಾಖಲೆ ಹುಟ್ಟಿದುದು ಹೀಗೆ. 1901ರಲ್ಲಿ ಕುಷಿಂಗ್ ಇಟಲಿಯ ಪವಿಯಾದಲ್ಲಿ ರಿವಾ-ರೊಚ್ಚಿಯವರ ತೋಳುಪಟ್ಟಿಯನ್ನು ಕಂಡು, ಅದನ್ನು ಅಮೆರಿಕಕ್ಕೆ ಕೊಂಡೊಯ್ದು, ಒತ್ತಡದ ಗೆರೆಯನ್ನೂ ಆ ಹಾಳೆಗೆ ಸೇರಿಸಿದರು. ಅಂದಿನಿಂದ ತೋಳುಪಟ್ಟಿಯ ಮಾತು ಅರಿವಳಿಕೆ ತಜ್ಞರಿಗೆ ವೇದವಾಕ್ಯ. ನಾಡಿಯಿಲ್ಲದ ರೋಗವು ಕೆಣಕುವುದು ಈ ವೇದವಾಕ್ಯವನ್ನೇ.

ಆದ್ದರಿಂದ ಇಂಥವರ ಅರಿವಳಿಕೆಯು ಶಸ್ತ್ರಕ್ರಿಯೆಯ ದಿನ ಮೊದಲಾಗುವುದಲ್ಲ, ಅದಕ್ಕೆ ವಾರಗಳ ಮುನ್ನ. ನಾಲ್ಕು ಕೈಕಾಲುಗಳ ಒತ್ತಡವನ್ನೂ ಅಳೆದು ಬರೆದಿಡಬೇಕು. ಯಾವ ಧಮನಿ ಎಲ್ಲಿ ಕಿರಿದಾಗಿದೆಯೆಂಬ ನಕ್ಷೆ ಕೈಯಲ್ಲಿರಬೇಕು. ಇಂದು ಇದನ್ನು ಸಿ.ಟಿ., ಎಂ.ಆರ್.ಐ. ಚಿತ್ರಗಳು ಕೊಡುತ್ತವೆ. ಹೊಟ್ಟೆಯ ಮಹಾಧಮನಿ ತೀರ ಕಿರಿದಾಗಿದ್ದರೆ ತೊಡೆಯ ಸಂಖ್ಯೆಯೂ ಸುಳ್ಳಾಗುವುದೆಂಬುದನ್ನು ಮರೆಯುವಂತಿಲ್ಲ. ಅಂಥವರಲ್ಲಿ ಮಹಾಧಮನಿಯೊಳಗೇ ಸಣ್ಣ ಕೊಳವೆಯನ್ನು ತೂರಿಸಿ ನಿಜವಾದ ಒತ್ತಡ ಎಷ್ಟೆಂದು ತಿಳಿಯಬೇಕಾಗುತ್ತದೆ. ಮತ್ತೊಂದು ಪರೀಕ್ಷೆಗೆ ಯಾವ ಯಂತ್ರವೂ ಬೇಡ. ರೋಗಿಯನ್ನು ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, "ಏನಮ್ಮಾ, ತಲೆ ಸುತ್ತುತ್ತದೆಯೆ? ಕಣ್ಣು ಮಂಜಾಗುತ್ತದೆಯೆ?" ಎಂದು ಕೇಳಬೇಕು. ಪೂರ್ತಿ ನಿದ್ರೆಗೊಳಪಡಿಸಿ ಗಂಟಲಿಗೆ ಉಸಿರಿನ ನಳಿಕೆ ಹಾಕುವಾಗ ಕತ್ತನ್ನು ಹಿಂದಕ್ಕೆ ಚಾಚುವುದು ವಾಡಿಕೆ. ಕೊರಳಿನ ಧಮನಿಗಳು ಮೊದಲೇ ಬಿಗಿದಿದ್ದರೆ ಆ ಭಂಗಿಯಲ್ಲಿ ಇನ್ನೂ ಎಳೆದಂತಾಗಿ ಮೆದುಳಿಗೆ ರಕ್ತ ಕಡಿಮೆಯಾಗಬಹುದು. ನಿದ್ರಿಸುವವರಿಗೆ ಅದನ್ನು ಹೇಳಲು ಬಾಯಿಲ್ಲ.

ಔಷಧಿಯ ಪಟ್ಟಿಯನ್ನೂ ನೋಡಬೇಕು. ಉರಿಯೂತವನ್ನು ತಗ್ಗಿಸಲು ಇವರು ಬಹುಕಾಲ ಪ್ರೆಡ್ನಿಸೊಲೋನ್ ಸೇವಿಸಿರುತ್ತಾರೆ. ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು ಇಂಥದೇ ರಸವನ್ನು ದಿನವೂ ತಯಾರಿಸುವುವು. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಅವು ಕೆಲಸ ಮರೆತು ಸೊರಗುತ್ತವೆ. ಶಸ್ತ್ರಕ್ರಿಯೆಯಂಥ ಸಂಕಟದ ಹೊತ್ತಿನಲ್ಲಿ ಅವು ಎಚ್ಚೆತ್ತುಕೊಳ್ಳದೆ ಹೋದರೆ ಒತ್ತಡ ಕುಸಿದು ಯಾವ ಮದ್ದಿಗೂ ಬಗ್ಗದು. ಆದಕಾರಣ ಆ ದಿನ ಈ ಔಷಧಿಯನ್ನು ತಪ್ಪಿಸದೆ, ಅಗತ್ಯವಿದ್ದರೆ ಹೆಚ್ಚಿಗೆಯಾಗಿಯೇ, ಕೊಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳದ್ದು ಬೇರೆ ಕಥೆ. ಕ್ಲೊಪಿಡೊಗ್ರೆಲ್‌ನಂಥವನ್ನು ಐದಾರು ದಿನ ಮೊದಲೇ ನಿಲ್ಲಿಸಿರದಿದ್ದರೆ ಬೆನ್ನಿಗೆ ಸೂಜಿ ಹಾಕುವುದು ಸುರಕ್ಷಿತವಲ್ಲ.

ಬೆನ್ನಿನ ಸೂಜಿಯ ಮಾತು ಬಂದುದರಿಂದ ಮುಖ್ಯ ಪ್ರಶ್ನೆಗೆ ಬರೋಣ: ನಿದ್ರೆಯೋ, ಎಚ್ಚರವೋ? ಪೂರ್ತಿ ನಿದ್ರೆಯಲ್ಲಿ ಉಸಿರಾಟ ವೈದ್ಯರ ಕೈಯಲ್ಲಿರುತ್ತದೆ. ಆದರೆ ನಳಿಕೆ ಹಾಕುವ ಗಳಿಗೆಯಲ್ಲಿ ಒತ್ತಡ ಚಿಮ್ಮುತ್ತದೆ, ಬಳಿಕ ಔಷಧಿಯಿಂದ ಕುಸಿಯುತ್ತದೆ. ಬೆನ್ನಿಗೆ ಔಷಧಿ ಕೊಟ್ಟು ಸೊಂಟದ ಕೆಳಗಷ್ಟೇ ಅರಿವಳಿಸಿದರೆ ರೋಗಿ ಎಚ್ಚರವಾಗಿರುತ್ತಾಳೆ. ಇದರಲ್ಲಿಯೂ ಎರಡು ಬಗೆ. ಬೆನ್ನುಹುರಿಯನ್ನು ಸುತ್ತಿದ ದ್ರವಕ್ಕೇ ಒಂದು ಸಲಕ್ಕೆ ಚುಚ್ಚಿಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕಾಲುಗಳ ರಕ್ತನಾಳಗಳೆಲ್ಲ ಸಡಿಲಗೊಂಡು ಒತ್ತಡ ಥಟ್ಟನೆ ಇಳಿಯುತ್ತದೆ. ಆ ದ್ರವದ ಹೊರಗಿನ ಎಪಿಡ್ಯೂರಲ್ ಎಂಬ ಅವಕಾಶದಲ್ಲಿ ದಾರದಂಥ ನಳಿಕೆಯನ್ನು ಇರಿಸಿ, ಔಷಧಿಯನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ಇಳಿತವೂ ಮೆಲ್ಲಮೆಲ್ಲನೆ. ತಿದ್ದಿಕೊಳ್ಳಲು ಹೊತ್ತು ಸಿಗುತ್ತದೆ. ನಮ್ಮ ತರುಣಿಯಂಥವರಿಗೆ, ಸಮಯವಿದ್ದಲ್ಲಿ, ಬಹಳ ತಜ್ಞರು ಆರಿಸುವುದು ಈ ಎರಡನೆಯದನ್ನು. ಮಗುವಿನ ಬಡಿತ ಕುಂದಿ ಕ್ಷಣಕ್ಷಣವೂ ಬೆಲೆಯುಳ್ಳದ್ದಾದಾಗ ಪೂರ್ತಿ ನಿದ್ರೆಯೇ ದಾರಿಯಾಗಬಹುದು. ಇದೇ ಸರಿಯೆಂದು ಹಟ ಹಿಡಿಯುವಂಥ ವಿಷಯ ಇದಲ್ಲವೆಂದು ನಮಗೆ ತೋರುತ್ತದೆ.

ಎಚ್ಚರವಾಗಿರುವುದರ ದೊಡ್ಡ ಲಾಭವೊಂದುಂಟು. ಮೆದುಳಿಗೆ ರಕ್ತ ಸಾಕಾಗುತ್ತಿದೆಯೆ ಎಂಬುದನ್ನು ಅರಿಯಲು, ಮಾತನಾಡುವ ರೋಗಿಗಿಂತ ಮೇಲಾದ ಉಪಕರಣವಿಲ್ಲ. ಆಕೆ ತನ್ನ ಹೆಸರು ಹೇಳುತ್ತಿರುವಳೆ? ಕೇಳಿದ ಪ್ರಶ್ನೆಗೆ ಉತ್ತರ ತಡವಾಗುತ್ತಿದೆಯೆ? ಆಕಳಿಸುತ್ತಿರುವಳೆ? ಓಕರಿಕೆಯೆ? ಇವೆಲ್ಲ ಒತ್ತಡ ಇಳಿಯುವುದರ ಮುನ್ಸೂಚನೆಗಳು.

ಇನ್ನು ಬೆರಳಿಗೆ ಚಿಮುಟದಂತೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನು ಈಚಿನ ದಿನಗಳಲ್ಲಿ ಕಾಣದವರಿಲ್ಲ. ಇದೂ ಜಪಾನಿನ ಕೊಡುಗೆಯೇ; ಟಕುಒ ಅಒಯಾಗಿ ಎಂಬ ಎಂಜಿನಿಯರರು 1974ರಲ್ಲಿ ಅದರ ತತ್ತ್ವವನ್ನು ಪ್ರಕಟಿಸಿದರು. ಕೆಂಪು ಬೆಳಕು, ಕೆಂಪಿನಾಚೆಯ ಬೆಳಕು ಎರಡನ್ನೂ ಬೆರಳಿನ ಮೂಲಕ ಹಾಯಿಸಿದಾಗ, ಚರ್ಮ, ಎಲುಬು, ಸಿರೆಗಳು ಹೀರುವ ಪಾಲು ಸ್ಥಿರ. ಧಮನಿಯ ರಕ್ತ ಹೀರುವ ಪಾಲು ಮಾತ್ರ ಬಡಿತದೊಡನೆ ಏರಿಳಿಯುತ್ತದೆ. ಆ ಏರಿಳಿತವನ್ನಷ್ಟೇ ಆರಿಸಿಕೊಂಡರೆ ಧಮನಿಯ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತಿಳಿಯುತ್ತದೆ. ಸೊಗಸಾದ ಯುಕ್ತಿ. ಆದರೆ ಬಡಿತವೇ ಇಲ್ಲದ ಬೆರಳಿನಲ್ಲಿ ಯಂತ್ರ ಆರಿಸುವುದೇನನ್ನು? ಅದು ತಬ್ಬಿಬ್ಬಾಗುತ್ತದೆ. ಅಂಥಲ್ಲಿ ಕಾಲ್ಬೆರಳಿಗೋ ಕಿವಿಯ ಹಾಲೆಗೋ ಸಿಕ್ಕಿಸಿ ನೋಡಬೇಕು. ಬಡಿತದ ಹಂಗಿಲ್ಲದೆ ನಡೆಯುವ ಇನ್ನೊಂದು ವಿಧಾನವೂ ಇದೆ. ಕೆಂಪಿನಾಚೆಯ ಬೆಳಕನ್ನು ಹಣೆಯ ಮೂಲಕ ಮೆದುಳಿನ ಮೇಲ್ಪದರಕ್ಕೆ ಕಳುಹಿ, ಮರಳಿ ಬಂದುದನ್ನು ಅಳೆಯುವುದು. ಯೋಬ್ಸಿಸ್ ಎಂಬ ವಿಜ್ಞಾನಿ ಇದನ್ನು 1977ರಲ್ಲಿ ತೋರಿಸಿಕೊಟ್ಟರು. ರೋಗಿಯನ್ನು ನಿದ್ರೆಗೊಳಪಡಿಸಲೇಬೇಕಾದಾಗ ಇದು ತಕ್ಕಮಟ್ಟಿಗೆ ಮಾತಿನ ಸ್ಥಾನವನ್ನು ತುಂಬುತ್ತದೆ.

ಇಂಗಾಲದ ಡೈ ಆಕ್ಸೈಡಿನ ವಿಷಯವನ್ನು ಬಿಡುವಂತಿಲ್ಲ. ನಾವು ಹೊರಗೆ ಬಿಡುವ ಈ ಅನಿಲವನ್ನು ಬರಿಯ ಕಸವೆಂದು ತಿಳಿಯುವುದು ತಪ್ಪು. ಮೆದುಳಿನ ಧಮನಿಗಳ ಮಡೆಯನ್ನು ತೆರೆದಿಡುವ ಕೈಗಳಲ್ಲಿ ಅದೂ ಒಂದು. ವೇಗವಾಗಿ ಉಸಿರಾಡಿ ಅದನ್ನು ಹೊರಹಾಕಿಬಿಟ್ಟರೆ ಆ ಧಮನಿಗಳು ಬಿಗಿಯುತ್ತವೆ. ತಕಯಾಸು ರೋಗದ ದೂರದ ನೆಂಟನೆನ್ನಬಹುದಾದ ಮತ್ತೊಂದು ವಿರಳ ವ್ಯಾಧಿಯಲ್ಲಿ ಇದು ಎದ್ದುಕಾಣುತ್ತದೆ. ಅದರಲ್ಲಿ ಮೆದುಳಿನ ಬುಡದ ಧಮನಿಗಳು ಕಿರಿದಾಗಿ, ಅಲ್ಲಿ ಹುಟ್ಟಿಕೊಂಡ ನವುರಾದ ನಾಳಗಳ ಜಾಲ ಚಿತ್ರದಲ್ಲಿ ಹೊಗೆಯಂತೆ ಕಾಣುತ್ತದೆ. ಮಬ್ಬಾದ ಹೊಗೆಯನ್ನು ಸೂಚಿಸುವ ಜಪಾನೀ ಮಾತಿನಿಂದ ಸುಜುಕಿ ಮತ್ತು ಟಕಾಕು ಅದನ್ನು 1969ರಲ್ಲಿ "ಮೊಯಮೊಯ" ಎಂದು ಕರೆದರು. ಈ ರೋಗವಿರುವ ಮಗು ಸೂಜಿಯನ್ನು ಕಂಡು ಬಿಕ್ಕಿಬಿಕ್ಕಿ ಅತ್ತರೆ, ಆ ಅಳುವಿನ ಬಿರುಸಾದ ಉಸಿರಿನಿಂದಲೇ ಮೆದುಳಿಗೆ ರಕ್ತ ತಗ್ಗಿ, ಒಂದು ಕೈ ಸೋತು ಜೋತುಬೀಳಬಹುದು. ಅಲ್ಲಿ ಅರಿವಳಿಕೆ ತಜ್ಞರ ಮೊದಲ ಔಷಧಿ ಮಗುವಿನ ತಾಯಿ; ಆಕೆಯನ್ನು ಕೊನೆಯ ಗಳಿಗೆಯವರೆಗೆ ಬಳಿಯಲ್ಲಿಯೇ ಇರಿಸಿಕೊಳ್ಳುತ್ತಾರೆ.

ನಮ್ಮ ತರುಣಿಯ ಬಳಿಗೆ ಮರಳೋಣ. ಆಕೆಯನ್ನು ಮೇಜಿನ ಮೇಲೆ ಎಡಕ್ಕೆ ಕೊಂಚ ವಾಲಿಸಿ ಮಲಗಿಸಿದ್ದಾರೆ. ಇಲ್ಲವಾದರೆ ತುಂಬಿದ ಗರ್ಭಕೋಶ ಹೊಟ್ಟೆಯ ದೊಡ್ಡ ಸಿರೆಯನ್ನು ಅದುಮಿ ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ. ಕಾಲಿನ ಧಮನಿಯೊಂದರಲ್ಲಿ ತೆಳುನಳಿಕೆ ಕುಳಿತು, ಬಡಿತ ಬಡಿತಕ್ಕೂ ಒತ್ತಡವನ್ನು ತೆರೆಯ ಮೇಲೆ ಬರೆಯುತ್ತಿದೆ. ಎಪಿಡ್ಯೂರಲ್ ನಳಿಕೆಯ ಮೂಲಕ ಔಷಧಿ ಐದೈದು ಮಿಲಿಲೀಟರಾಗಿ ಇಳಿಯುತ್ತಿದೆ. 170 ಇದ್ದುದು 160, 155. ತಜ್ಞರು ಅಲ್ಲಿಯೇ ತಡೆದು ನಿಲ್ಲಿಸುತ್ತಾರೆ. ಮಗು ಹೊರಬಂದು ಅಳುತ್ತದೆ. ಆದರೆ ತಜ್ಞರ ಕಣ್ಣು ಮಗುವಿನ ಕಡೆಗಿಲ್ಲ. ಬರಿದಾದ ಗರ್ಭಕೋಶ ಮುದುಡಿಕೊಂಡು, ತನ್ನಲ್ಲಿದ್ದ ರಕ್ತವನ್ನೆಲ್ಲ ಹಿಂಡಿ ಹೃದಯದ ಕಡೆಗೆ ತಳ್ಳುವ ಹೊತ್ತು ಇದು. ಗರ್ಭಕೋಶವನ್ನು ಮುದುಡಿಸುವ ಆಕ್ಸಿಟೋಸಿನ್ನನ್ನು ಒಮ್ಮೆಲೇ ಕೊಟ್ಟರೆ ಒತ್ತಡ ಕುಸಿಯುವುದರಿಂದ ಅದನ್ನು ತೀರ ನಿಧಾನವಾಗಿ ಹನಿಸುತ್ತಾರೆ. ಅದೇ ಕೆಲಸಕ್ಕೆ ಬೇರೆಡೆ ಬಳಸುವ ಮೀಥೈಲ್ ಎರ್ಗೊಮೆಟ್ರಿನ್ ಒತ್ತಡವನ್ನು ಚಿಮ್ಮಿಸುವುದರಿಂದ ಅದನ್ನು ಟ್ರೇಯಲ್ಲಿ ಇಡುವುದೇ ಇಲ್ಲ.

"ಏನಮ್ಮಾ, ಮಾತಾಡು" ಎನ್ನುತ್ತಾರೆ ವೈದ್ಯರು.

"ಗಂಡೋ ಹೆಣ್ಣೋ ಹೇಳಲೇ ಇಲ್ಲವಲ್ಲ, ಡಾಕ್ಟರೆ" ಎಂದರೆ ಅಷ್ಟು ಸಾಕು. ಮೆದುಳಿಗೆ ರಕ್ತ ತಲಪುತ್ತಿದೆ.

ಕೆಲಸ ಅಲ್ಲಿಗೆ ಮುಗಿಯಿತೆ? ಇಲ್ಲ. ಔಷಧಿಯ ಬಲ ಇಳಿಯುತ್ತ ಸಡಿಲವಾಗಿದ್ದ ನಾಳಗಳು ಮತ್ತೆ ಬಿಗಿಯುತ್ತವೆ, ಗಾಯ ನೋಯತೊಡಗುತ್ತದೆ, ಒತ್ತಡ ಮೇಲೇರುತ್ತದೆ. ಹೆರಿಗೆಯ ಮರುದಿನವೂ ಆಕೆಯನ್ನು ತೀವ್ರ ನಿಗಾ ಘಟಕದಲ್ಲಿಯೇ ಇರಿಸಿ ನೋಡುತ್ತಾರೆ. ರಾತ್ರಿ ಪಾಳಿಗೆ ಬರುವ ದಾದಿಗೆ ಇದೊಂದೂ ತಿಳಿದಿರದು. ವಾಡಿಕೆಯಂತೆ ತೋಳಿಗೆ ಪಟ್ಟಿ ಸುತ್ತಿ 70 ಕಂಡರೆ ಆಕೆ ಗಾಬರಿಯಾಗುವುದು ಸಹಜ. ಅದಕ್ಕಾಗಿ ಮಂಚದ ತಲೆದೆಸೆಯಲ್ಲಿಯೂ ಕೇಸ್ ಷೀಟಿನ ಮೊದಲ ಪುಟದಲ್ಲಿಯೂ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ಅಂಟಿಸುತ್ತಾರೆ: ಕೈಗಳಲ್ಲಿ ನಾಡಿ ಸಿಗುವುದಿಲ್ಲ. ರಕ್ತದೊತ್ತಡವನ್ನು ಕಾಲಿನಲ್ಲಿ ಮಾತ್ರ ನೋಡುವುದು.